ಎಣ್ಣೆ ಕುಡಿದ ಕಮಾನು

ಬೆಣೆ ಅಲುಗುತ್ತಿಲ್ಲ ಎಂದು ಗೊತ್ತಾದಾಗಲೇ ಆ ಪಿಟೀಲು ಕಮಾನನ್ನು ಪೆಟ್ಟಿಗೆಯಲ್ಲಿಟ್ಟು ವಾಪಸ್ ಕೊಟ್ಟುಬಿಟ್ಟಿದ್ದರೆ ನನ್ನ ಊಟ ನಿದ್ದೆ ನೆಟ್ಟಗಿರುತ್ತಿತ್ತು. ಕೊಡಲಿಲ್ಲ. ಹಟ. ಮೈಸೂರಿನವರು ಬಹಳ ಮೆತ್ತಗೆ ಎಂದು ಜನ ಹೇಳುತ್ತಾರೆ. ಹೇಳುವವರು ನಮ್ಮ ಮನೆಯ ಹೆಂಗಸರನ್ನು ನೋಡಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಪಾಲೋ ಆಲ್ಟೋದ ಒಂದು ಪಿಟೀಲು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಮಾನು ರಿಪೇರಿ ಮಾಡುವುದು ನನ್ನ ಕೆಲಸವಾಗಿತ್ತು. ಅಂಗಡಿಯ ಮಾಲೀಕರು ಅಮೆರಿಕದವರೇ, ಆದರೆ ಫ್ರಾನ್ಸಿನ ಮಿರ್‌ಕೂರ್ ಎಂಬ ಊರಿನಲ್ಲಿ ಕೆಲಸ ಕಲಿತು ಬಂದವರು. ಆ ಕಡೆಯ ಹಳೆಯ ಕುಶಲಕರ್ಮಿಗಳು ಮಾಡಿದ ಕಮಾನು ಎಂದರೆ ಇಲ್ಲಿ ನುಡಿಸುವವರು ಪ್ರಾಣ ಬಿಡುತ್ತಾರೆ. ಪಿಟೀಲು ಯಾವುದಾದರೂ ಆದೀತು, ಕಮಾನು ಮಾತ್ರ ಫ್ರೆಂಚರದ್ದೇ ಆಗಬೇಕು. ಇದೇನು ಹುಚ್ಚು ಎಂದು ಮೊದಮೊದಲು ನಗುತ್ತಿದ್ದೆ. ಒಂದೆರಡನ್ನು ಕೈಯಲ್ಲಿ ಹಿಡಿದ ಮೇಲೆ ನಗು ನಿಂತಿತು. ಒಳ್ಳೆಯ ಕಮಾನು ಕೈಗೆ ಭಾರವೇ ಅನಿಸುವುದಿಲ್ಲ, ತಾನಾಗಿಯೇ ತಂತಿಯ ಮೇಲೆ ಕೂರುತ್ತದೆ.

ಅಂಥ ಒಂದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಒಬ್ಬ ವೃದ್ಧರು ಬಂದರು. ಮೈಸೂರಿನವರು. ಹದಿಹರೆಯದಲ್ಲೇ ಅರಮನೆಯ ಇಂಗ್ಲಿಷ್ ಬ್ಯಾಂಡಿಗೆ ಸೇರಿದವರು. ಬ್ಯಾಂಡು ಮುಗಿದ ಕಾಲಕ್ಕೆ ಅಲ್ಲಿದ್ದ ಬಿಳಿಯ ಬ್ಯಾಂಡ್‌ಮಾಸ್ಟರು ಊರಿಗೆ ಹೊರಡುವಾಗ ಇವರ ಕೈಗೆ ಕೊಟ್ಟುಹೋದ ಕಮಾನು ಅದು. ಈಗ ಲಾಸ್ ಆಲ್ಟೋಸಿನಲ್ಲಿ ಮಗ ಸೊಸೆಯ ಜೊತೆಗಿದ್ದರು. ನಾನು ಅವರನ್ನು ಮೇಷ್ಟ್ರೇ ಎಂದೇ ಕರೆದೆ.

"ಈಗೀಗ ಉದ್ದನೆ ಸ್ವರ ಎಳೀವಾಗ ಕಮಾನು ನಡುಗತ್ತಮ್ಮ," ಎಂದರು. "ಕುದ್ರೆ ಕೂದ್ಲು ಸತ್ತೋಗಿದೆ. ಹೊಸಾದು ಹಾಕ್ಕೊಟ್ರೆ ಸರಿಹೋಗತ್ತೆ."

"ಹೋಗತ್ತೆ ಬಿಡಿ ಮೇಷ್ಟ್ರೇ. ನಾಡಿದ್ದು ಬನ್ನಿ."

"ಬೇಗ ಬೇಕಮ್ಮ. ನಂಗೆ ಆಡಿಷನ್ ಇದೆ."

ನಾನು ನಕ್ಕೆ. ಅವರು ನಗಲಿಲ್ಲ. ಊರಿನ ಹವ್ಯಾಸಿಗಳ ಆರ್ಕೆಸ್ಟ್ರಾ ಒಂದರಲ್ಲಿ ಎರಡನೆಯ ಪಿಟೀಲಿನ ಸಾಲಿನಲ್ಲಿ ಕೊನೆಯ ಕುರ್ಚಿ ಅವರದು. ವಾದ್ಯವೃಂದ ನಡೆಸಲು ಹೊಸದಾಗಿ ಬಂದ ಕಂಡಕ್ಟರು ಇರುವವರೆಲ್ಲ ಇನ್ನೊಮ್ಮೆ ಪರದೆಯ ಹಿಂದೆ ಕೂತು ನುಡಿಸಿ ತೋರಿಸಬೇಕು, ಆಗದವರು ಕುರ್ಚಿ ಬಿಡಬೇಕು ಎಂದಿದ್ದಾರಂತೆ.

"ಪರದೆ ಇದ್ರೆ ಒಳ್ಳೇದೇ," ಎಂದರು ಮೇಷ್ಟ್ರು. "ವಯಸ್ಸು ಕಾಣಲ್ಲ, ಬಣ್ಣ ಕಾಣಲ್ಲ. ನಾದ ಒಂದೇ ಕೇಳ್ಸೋದು. ಮೀಸೆ ಬರೋಕ್ ಮುಂಚೆ ಕುರ್ಚಿ ಹಿಡ್ದೋನು ನಾನು. ಆ ಕುರ್ಚಿ ಹೋದ್ರೆ ನಾನ್ಯಾರು ಹೇಳು? ಬರೀ ತಾತ. ತಾತಂದಿರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ."

ಆ ಹೊತ್ತಿಗೆ ಅಂಗಡಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದಿದ್ದ ಒಬ್ಬ ವೃತ್ತಿಯ ಪಿಟೀಲುಗಾರ್ತಿ ಇದ್ದರು. ಕಮಾನಿನ ತಲೆಯ ಆಕಾರ ನೋಡಿದವರೇ ಒಂದು ನಿಮಿಷ ಕೊಡಿ ಎಂದು ಕೇಳಿ ತೆಗೆದುಕೊಂಡರು. ಆ ಸತ್ತ ಕೂದಲಿನಲ್ಲೇ ಬುಡದಿಂದ ತುದಿಯವರೆಗೆ ಒಂದೇ ಸ್ವರ ಎಳೆದರು. ನಾದ ಹಾಲು ಸುರಿದ ಹಾಗೆ ಬಂತು, ಎಲ್ಲೂ ಒಡೆಯಲಿಲ್ಲ. ಮಾರುತ್ತೀರಾ ಎಂದು ಕೇಳಿದ್ದಕ್ಕೆ ಮೇಷ್ಟ್ರು ಮಗುವನ್ನು ವಾಪಸ್ ಇಸಿದುಕೊಳ್ಳುವ ಹಾಗೆ ಎರಡೂ ಕೈ ಚಾಚಿದರು. ಅವಳಿಗೇನು, ಪೊರಕೆ ಕೊಟ್ಟರೂ ನುಡಿಸುವವಳು ಎಂದುಕೊಂಡು ನಾನು ಕೆಲಸಕ್ಕೆ ಕೂತೆ.

ಕಮಾನಿನ ತಲೆಯೊಳಗೆ ಒಂದು ಸಣ್ಣ ಗುಳಿ ಇರುತ್ತದೆ. ಕುದುರೆ ಕೂದಲಿನ ಗಂಟನ್ನು ಅದರಲ್ಲಿ ಕೂರಿಸಿ ಮೇಲೆ ಕಿರುಬೆರಳ ಉಗುರಿನಷ್ಟು ಮರದ ಬೆಣೆ ಒತ್ತುತ್ತೇವೆ. ಅದಕ್ಕೆ ಅಂಟು ಹಾಕಬಾರದು. ಅಳತೆ ಸರಿಯಿದ್ದರೆ ತಾನೇ ಕಚ್ಚಿಕೊಳ್ಳುತ್ತದೆ, ಬೇಕೆಂದಾಗ ಮೊನೆಯಿಂದ ಎತ್ತಿದರೆ ಎದ್ದು ಬರುತ್ತದೆ. ಈ ಬೆಣೆ ಏಳಲಿಲ್ಲ. ಮಸೂರ ಇಟ್ಟು ನೋಡಿದರೆ ಅಂಚಿನ ಸುತ್ತ ಕಂದು ಬಣ್ಣದ ಅಂಟು. ಮೇಷ್ಟ್ರಿಗೆ ಫೋನು ಮಾಡಿದೆ.

"ಹೌದು ಕಣಮ್ಮ, ನಾನೇ ಹಾಕಿದ್ದು," ಎಂದರು. "ಮಳೆಗಾಲದಲ್ಲಿ ಬೆಣೆ ಸಡ್ಲ ಆಗ್ತಿತ್ತು. ಬಡಗಿ ಹತ್ರ ಒಂದ್ ತೊಟ್ಟು ವಜ್ರ ಇಸ್ಕೊಂಡು ಕೂರಿಸ್ಬಿಟ್ಟೆ. ಅಲ್ಲಿಂದ ಇಲ್ಲೀವರ್ಗೂ ಅಲುಗಿಲ್ಲ ನೋಡು!"

ಅವರ ದನಿಯಲ್ಲಿ ಹೆಮ್ಮೆ ಇತ್ತು. ನಾನು ಹಣೆ ಚಚ್ಚಿಕೊಂಡೆ. ಬಡಗಿಗಳ ಆ ವಜ್ರ ಎಂಬ ಅಂಟು ಬಿಸಿನೀರಿಗೆ ಮೆತ್ತಗಾಗುತ್ತದೆ. ಹತ್ತಿಯ ಎಳೆಯನ್ನು ಬಿಸಿನೀರಿನಲ್ಲಿ ಅದ್ದಿ ಬೆಣೆಯ ಸುತ್ತ ಒತ್ತುವುದು, ಕಾಯುವುದು, ಸೂಜಿಯಂಥ ಉಳಿಯಿಂದ ಒಂದು ಸಿಬಿರು ಎಬ್ಬಿಸುವುದು, ಮತ್ತೆ ಹತ್ತಿ. ಒಂದು ದಿನವೆಲ್ಲ ಅದೇ. ಮರುದಿನ ಬೆಣೆಯ ಕೊನೆಯ ಚೂರು ಎದ್ದು ಬಂತು. ಅಬ್ಬಾ ಎಂದು ಉಸಿರು ಬಿಟ್ಟು ಕಮಾನನ್ನು ಮೇಜಿನ ಮೇಲೆ ಮಲಗಿಸಿದೆ. ಯಾರೂ ಮುಟ್ಟಿರಲಿಲ್ಲ. ಟಿಕ್ ಎಂದು ಸದ್ದಾಯಿತು, ತಲೆ ಕತ್ತಿನ ಹತ್ತಿರ ಬೇರೆಯಾಗಿ ಪಕ್ಕಕ್ಕೆ ಉರುಳಿತು.

ಅಯ್ಯೋ ರಾಮ ಎಂದು ನಾನು ಕಿರುಚಿದ್ದು ಮುಂಬಾಗಿಲವರೆಗೂ ಕೇಳಿಸಿತಂತೆ. ಮಾಲೀಕರು ಓಡಿ ಬಂದರು. ಎರಡು ತುಂಡನ್ನೂ ಬೆಳಕಿಗೆ ಹಿಡಿದು ನೋಡಿದರು. ಹೊಸದಾಗಿ ಒಡೆದ ಮರ ಒಳಗೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಇದರಲ್ಲಿ ಮುಕ್ಕಾಲು ಪಾಲು ಕಪ್ಪಾಗಿತ್ತು. ಅಂದರೆ ಬಿರುಕು ಎಷ್ಟೋ ಕಾಲದ್ದು. ಇಷ್ಟು ವರ್ಷ ಅದನ್ನು ಹಿಡಿದುಕೊಂಡಿದ್ದದ್ದು ಆ ಅಂಟು ಬೆಣೆಯೇ. ನಾನು ಹಲ್ಲು ಕಚ್ಚಿ ಕಿತ್ತದ್ದೂ ಅದನ್ನೇ.

"ನಿನ್ನ ತಪ್ಪಲ್ಲ," ಎಂದರು ಮಾಲೀಕರು. "ಆದರೆ ಇನ್ನು ಮುಟ್ಟಬೇಡ. ತಲೆ ಮುರಿದ ಫ್ರೆಂಚ್ ಕಮಾನನ್ನು ನಮ್ಮ ಕಸುಬಿನಲ್ಲಿ ಸತ್ತದ್ದು ಅಂತಲೇ ಲೆಕ್ಕ. ಅವರಿಗೆ ಇನ್ನೊಂದು ಕಮಾನು ಕೊಡು."

ಮೇಷ್ಟ್ರು ಬಂದರು. ಕೂಗಾಡುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಎರಡು ತುಂಡನ್ನು ನೋಡಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಅಂಟ್ಸಿದ್ರೆ ಯಾವತ್ತು ಸಿಗತ್ತಮ್ಮ?" ಎಂದು ಕೇಳಿದರು. ಅಂಟಿಸಲು ಆಗುತ್ತದೋ ಇಲ್ಲವೋ ಎಂದು ಕೇಳಲೇ ಇಲ್ಲ. ನಾನು ಕೊಟ್ಟ ಕಾಫಿಯ ಲೋಟ ಸಾಸರಿನ ಮೇಲೆ ಕಟಕಟ ಅನ್ನುತ್ತಿತ್ತು. ಪಾಪ, ಗಾಬರಿಗೆ ಕೈ ನಡುಗುತ್ತಿದೆ ಎಂದುಕೊಂಡೆ.

"ಆಡಿಷನ್ನಿನ ಹೊತ್ತಿಗೆ ಕೊಡ್ತೀನಿ ಮೇಷ್ಟ್ರೇ," ಎಂದುಬಿಟ್ಟೆ. ಯಾವ ಧೈರ್ಯದಲ್ಲಿ ಅಂದೆನೋ ದೇವರಿಗೇ ಗೊತ್ತು.

ಮೊದಲ ಸಲ ಒಡಕಿನ ಎರಡು ಮುಖಗಳಿಗೂ ಅಂಟು ಸವರಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿ ಸುತ್ತಿ ಬಿಗಿದಿಟ್ಟೆ. ಒಣಗಿದ ಮೇಲೆ ಬಿಚ್ಚಿ ಬೆರಳಲ್ಲಿ ಮೆಲ್ಲಗೆ ಒತ್ತಿದೆ. ತಲೆ ಕೈಗೇ ಬಂತು. ಅಂಟು ಮರವನ್ನು ಹಿಡಿದೇ ಇರಲಿಲ್ಲ, ತವಾದಿಂದ ದೋಸೆ ಎದ್ದ ಹಾಗೆ ಹಾಳೆಯಾಗಿ ಎದ್ದುಬಂತು. ಮಾಲೀಕರಿಗೂ ಆಶ್ಚರ್ಯ. ಮಸೂರದ ಕೆಳಗೆ ನೋಡಿ, ಒಳಗೇನೋ ಕೆಂಪು ಪುಡಿಯಿದೆ, ಈ ಮರದ ಬಣ್ಣವೇ ಇರಬೇಕು ಎಂದರು.

ನಾನೂ ನೋಡಿದೆ. ಆ ಮರದ ಪುಡಿ ನನಗೆ ಗೊತ್ತು, ದಿನಾ ಬಟ್ಟೆಗೆ ಹತ್ತಿಸಿಕೊಂಡು ಮನೆಗೆ ಹೋಗುತ್ತೇನೆ. ಇದು ಆ ಕೆಂಪಲ್ಲ. ಮೂಗಿನ ಹತ್ತಿರ ಹಿಡಿದರೆ ಹರಳೆಣ್ಣೆಯ ಕಮಟು. ಫೋನು ತಿರುಗಿಸಿದೆ.

"ಮೇಷ್ಟ್ರೇ, ಕಮಾನಿಗೆ ಎಣ್ಣೆ ಏನಾದ್ರೂ ಹಚ್ತಿದ್ರಾ?"

"ಹಚ್ದೆ ಇರ್ತಾರೇನಮ್ಮ? ವರ್ಷಾ ವರ್ಷಾ ಆಯುಧಪೂಜೆಗೆ. ಚೆನ್ನಾಗ್ ಒರೆಸಿ, ಹರಳೆಣ್ಣೆ ತಿಕ್ಕಿ, ತಲೆಗೆ ಕುಂಕುಮ ಇಟ್ಟು, ಒಂದ್ ಹೂವ ಏರಿಸಿ ಮಂಗಳಾರತಿ. ಒಂದ್ ವರ್ಷಾನೂ ತಪ್ಪಿಸಿಲ್ಲ. ಇಲ್ಲಿಗ್ ಬಂದ್ಮೇಲೂ." ದನಿ ತಗ್ಗಿಸಿ, "ಯಾಕಮ್ಮ, ತಪ್ಪಾಯ್ತಾ?" ಎಂದರು.

ನಮ್ಮಮ್ಮ ಹೊಲಿಗೆ ಮೆಷೀನಿಗೆ, ಈಳಿಗೆಮಣೆಗೆ, ಅಪ್ಪನ ಸ್ಕೂಟರಿಗೆ ಎಲ್ಲಕ್ಕೂ ಅದನ್ನೇ ಮಾಡುತ್ತಿದ್ದಳು. ಈ ಊರಿನಲ್ಲಿ ಕಮಾನಿನ ಕೂದಲಿಗೆ ಬೆರಳು ತಾಗಿಸಿದರೂ ಬೈಯುತ್ತಾರೆ, ಬೆರಳ ಜಿಡ್ಡು ಹತ್ತುತ್ತದೆಂದು. ಅಲ್ಲಿ ಭಕ್ತಿಯಿಂದ ಎಣ್ಣೆ ಕುಡಿಸಿದ್ದಾರೆ. ಆ ಎಣ್ಣೆ ವರ್ಷ ವರ್ಷವೂ ಬಿರುಕಿನೊಳಗೆ ಇಳಿದು ಮರದ ಎಳೆಯಲ್ಲಿ ಕೂತಿದೆ. ಎಣ್ಣೆ ಇರುವ ಕಡೆ ಅಂಟು ನಿಲ್ಲುವುದಿಲ್ಲ.

"ತಪ್ಪೇನಿಲ್ಲ ಮೇಷ್ಟ್ರೇ," ಎಂದೆ. "ಸುಮ್ನೆ ಕೇಳ್ದೆ."

ಮಾಲೀಕರಿಗೆ ವಿಷಯ ಹೇಳಿದರೆ ಅವರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. "ಎಣ್ಣೆ ಹಚ್ಚಿ, ಬಣ್ಣ ಹಚ್ಚಿ, ಪೂಜೆ ಮಾಡುತ್ತಾರಾ? ಈ ಕಮಾನನ್ನಾ?"

ನನಗೆ ರೇಗಿತು. "ನಾವು ಕಾರಿಗೂ ಮಾಡ್ತೀವಿ," ಎಂದೆ.

"ಕಾರನ್ನು ಯಾರೂ ಅಂಟಿಸುವುದಿಲ್ಲ," ಎಂದರು ಅವರು. ಅದೂ ನಿಜವೇ.

ಎಣ್ಣೆ ತೆಗೆಯುವ ದ್ರಾವಣವನ್ನು ಸಣ್ಣ ಕುಂಚದಲ್ಲಿ ಮುಟ್ಟಿಸಿ ಒತ್ತು ಕಾಗದದಲ್ಲಿ ಹೀರಿಸುವುದು. ಹೊರಗಿನ ವಾರ್ನಿಷಿಗೆ ಒಂದು ಹನಿ ತಾಗಿದರೆ ಅದೂ ಹಾಳು. ಕಾಗದದ ಮೇಲೆ ಹಳದಿ ಕಲೆ ಬರುವುದು ನಿಲ್ಲುವವರೆಗೂ ಮಾಡಿದೆ. ಕಿಟಕಿ ತೆಗೆದಿದ್ದರೂ ತಲೆ ಸುತ್ತುತ್ತಿತ್ತು. ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. "ಯಾರ್ದೋ ಕಮಾನಿಗೆ ನೀನ್ಯಾಕೆ ಉಪವಾಸ?" ಎಂದು ನನ್ನ ಗಂಡ ಕೇಳಿದ. ಅವನ ಆಫೀಸಿನಲ್ಲಿ ಕಂಪ್ಯೂಟರಿನ ಕೆಟ್ಟ ಚಿಪ್ಪನ್ನು ಬಿಸಾಕಿ ಇನ್ನೊಂದು ಹಾಕುತ್ತಾರೆ, ಅವನಿಗೆ ಹೇಗೆ ಅರ್ಥವಾಗಬೇಕು. ಪಾತ್ರೆ ಕುಕ್ಕಿ ಎದ್ದುಹೋದೆ.

ಎರಡನೆಯ ಸಲ ಅಂಟು ಹಿಡಿಯಿತು. ಬೆರಳಲ್ಲಿ ಒತ್ತಿದೆ, ನಿಂತಿತು. ಹೊಸ ಕೂದಲು ಕಟ್ಟಿದೆ. ಹಿಡಿಯ ಕಡೆಯ ತಿರುಪು ತಿರುಗಿಸುತ್ತ ಹೋದಂತೆ ಕೂದಲು ಬಿಗಿಯಾಗುತ್ತದೆ, ಆ ಸೆಳೆತವೆಲ್ಲ ತಲೆಯ ಮೇಲೆ. ಅರ್ಧ ಬಿಗಿಗೆ ನಿಂತಿತು. ಇನ್ನೊಂದು ಸುತ್ತು ತಿರುಗಿಸಿದೆ, ಟಿಕ್. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಡಿಷನ್ನು ಹತ್ತಿರ ಬಂದಿತ್ತು. ಮಾಲೀಕರ ಮಾತಿನಂತೆ ಮೇಷ್ಟ್ರನ್ನು ಕರೆಸಿ ಅಂಗಡಿಯಲ್ಲಿದ್ದ ಬೇರೆ ಕಮಾನುಗಳನ್ನು ಮುಂದಿಟ್ಟೆವು. ಮಾಲೀಕರು ಬೀಗ ತೆಗೆದು ತಮ್ಮ ಸ್ವಂತದ ಫ್ರೆಂಚ್ ಕಮಾನನ್ನೇ ಕೊಟ್ಟರು. ಮೇಷ್ಟ್ರು ಒಂದೊಂದನ್ನೇ ತಂತಿಯ ಮೇಲಿಟ್ಟು ಉದ್ದನೆಯ ಸ್ವರ ಎಳೆದರು. ಒಂದೊಂದೂ ನಡುಮಧ್ಯದಲ್ಲಿ ನಡುಗಿ, ನಾದ ತುಂಡು ತುಂಡಾಗಿ ಬಿತ್ತು. "ಇದಲ್ಲಮ್ಮ. ಇದೂ ಅಲ್ಲ," ಎನ್ನುತ್ತಾ ಕೆಳಗಿಟ್ಟರು. ಕೊನೆಯದನ್ನು ಇಟ್ಟು ಬಲಗೈಯನ್ನು ಸ್ವೆಟರಿನ ಜೇಬಿಗೆ ಇಳಿಸಿಕೊಂಡರು.

ಮಾಲೀಕರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ.

"ನನ್ ಕಮಾನು ಬೇಕಮ್ಮ," ಎಂದರು ಮೇಷ್ಟ್ರು. ಬೇಡುವ ದನಿ. "ಅದ್ರಲ್ಲಿ ನಡುಗಲ್ಲ. ಕೂದ್ಲು ಸರಿಯಿದ್ದಾಗ ಯಾವತ್ತೂ ನಡುಗಿಲ್ಲ. ನನ್ ಕೈ ಅದಕ್ಕೆ ಗೊತ್ತು."

ಉಳಿದದ್ದು ಒಂದೇ ದಾರಿ. ತಲೆಯನ್ನು ಜೋಡಿಸಿ, ಮೇಲಿನಿಂದ ನಟ್ಟನಡುವೆ ಗರಗಸದಲ್ಲಿ ಸೀಳಿ, ಆ ಸೀಳಿಗೆ ಅದೇ ಜಾತಿಯ ಮರದ ತೆಳು ಪಟ್ಟಿಯೊಂದನ್ನು ಒಡಕಿಗೆ ಅಡ್ಡವಾಗಿ ಕೂರಿಸುವುದು. ಆಗ ಭಾರ ಹೊರುವುದು ಅಂಟಲ್ಲ, ಪಟ್ಟಿ. ಆದರೆ ಆ ಸೀಳು ಯಾವ ವಿದ್ಯೆಯಿಂದಲೂ ಮುಚ್ಚುವುದಿಲ್ಲ. ನೂರು ವರ್ಷಕ್ಕೂ ಹಿಂದೆ ಯಾರೋ ಒಬ್ಬ ಉಳಿಯಲ್ಲಿ ಕೆತ್ತಿದ ಗುರುತು ಆ ತಲೆಯ ಮೇಲೆ ಇನ್ನೂ ಕಾಣುತ್ತಿತ್ತು. ಅದರ ಮೇಲೆ ಗರಗಸ ಇಡಬೇಕು.

"ಮೇಷ್ಟ್ರೇ, ಕೊಯ್ದ್ರೆ ಮತ್ತೆ ಮೊದಲಿನ ಹಾಗಾಗಲ್ಲ. ನೋಡಿದವರೆಲ್ಲ ಮುರಿದದ್ದು ಅಂತಾರೆ."

"ಅನ್ಲಿ ಬಿಡಮ್ಮ. ನೋಡೋಕಲ್ಲ ಇರೋದು, ನುಡಿಸೋಕೆ."

"ನಾನು ಇದನ್ನು ನೋಡಲಾರೆ," ಎಂದು ಮಾಲೀಕರು ಕೋಟು ತೆಗೆದುಕೊಂಡು ಹೊರಗೆ ಹೋದರು. ಬೇಡ ಎನ್ನಲಿಲ್ಲ. ಅಷ್ಟು ಸಾಕಾಯಿತು ನನಗೆ.

ಮೆದು ಮರದಲ್ಲಿ ತಲೆಯ ಆಕಾರಕ್ಕೆ ಗೂಡು ಕೊರೆದು, ತುಂಡು ಜೋಡಿಸಿದ ತಲೆಯನ್ನು ಅದರಲ್ಲಿ ಮಲಗಿಸಿದೆ. ಪಟ್ಟಿಗೆ ಹಳೆಯ ಮುರುಕು ಕಮಾನೊಂದರ ಕಡ್ಡಿಯಿಂದ ಚೂರು ತೆಗೆದೆ. ಕಾಗದದಷ್ಟು ತೆಳುವಾದ ಗರಗಸ ಹಿಡಿದು ಮೂರು ಸಲ ಇಟ್ಟು ಮೂರು ಸಲ ತೆಗೆದೆ. ನಾಲ್ಕನೆಯ ಸಲ ಎಳೆದೆ. ಮರ ಕಲ್ಲಿನಂತಿತ್ತು. ಅರ್ಧಕ್ಕೆ ಬಂದಾಗ ಹಲ್ಲು ಸಿಕ್ಕಿಕೊಂಡು, ತಲೆಯ ಕೆಳಗಿನ ದಂತದ ಬಿಲ್ಲೆಯಿಂದ ಒಂದು ಚಕ್ಕೆ ಹಾರಿತು. ಥೂ ನನ್ನ ಕರ್ಮವೇ ಎಂದುಕೊಂಡು ನೆಲದ ಮೇಲೆ ಬೋರಲು ಮಲಗಿ, ಟಾರ್ಚು ಬಿಟ್ಟು ಹುಡುಕಿದೆ. ಮೇಜಿನ ಕಾಲಿನ ಹತ್ತಿರ ಸಿಕ್ಕಿತು. ಮತ್ತೆ ಕೂತೆ. ಗುಳಿಯ ಅಂಚು ಮುಟ್ಟುವವರೆಗೆ ಇಳಿಸಿ, ಪಟ್ಟಿಯನ್ನು ಅರದಲ್ಲಿ ಉಜ್ಜಿ ಉಜ್ಜಿ, ಒತ್ತಿದರೆ ಹೋಗಬೇಕು, ಬಿಟ್ಟರೆ ಬೀಳಬಾರದು, ಅಷ್ಟು ಹದಕ್ಕೆ ತಂದೆ. ಎರಡು ಟ್ಯೂಬು ಬೆರೆಸುವ ಗಟ್ಟಿ ಅಂಟು ಹಾಕಿ ಪಟ್ಟಿಯನ್ನೂ ಆ ಚಕ್ಕೆಯನ್ನೂ ಕೂರಿಸಿದೆ. ಒಣಗಿದ ಮೇಲೆ ಅಂಚು ಸವೆಸಿ ಬಣ್ಣ ಕೂಡಿಸಿದೆ. ಈ ಕಡೆಯ ಒಣಹವೆಗೆ ಕೂದಲು ಕುಗ್ಗುತ್ತದೆ, ಅದಕ್ಕೆ ಒಂದು ಎಳೆ ಉದ್ದ ಬಿಟ್ಟು ಕಟ್ಟಿದೆ. ಹೊಸ ಬೆಣೆಗೆ ಅಂಟು ಹಾಕಲಿಲ್ಲ.

ತಿರುಪು ತಿರುಗಿಸಿದೆ. ಅರ್ಧ. ಮುಕ್ಕಾಲು. ಪೂರ್ತಿ. ಕಣ್ಣು ಮುಚ್ಚಿಕೊಂಡು ಆ ಸದ್ದಿಗೆ ಕಾದೆ. ಬರಲಿಲ್ಲ. ಮಧ್ಯಾಹ್ನ ಕಳೆದರೂ ಬರಲಿಲ್ಲ.

ಮಾಲೀಕರು ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಪಿಟೀಲು ತೆಗೆದುಕೊಂಡು ಬುಡದಿಂದ ತುದಿಯವರೆಗೆ ಒಂದು ಸ್ವರ ಎಳೆದರು. ನಿಧಾನಕ್ಕೆ, ಬಹಳ ನಿಧಾನಕ್ಕೆ. ನಾದ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. "ಬದುಕಿದೆ," ಎಂದರು. ನಾನು ಅಂಗಡಿಯಲ್ಲಿ ಕುಣಿದಾಡಿದೆ.

ಆಡಿಷನ್ನು ಒಂದು ಶಾಲೆಯ ಸಂಗೀತದ ಕೋಣೆಯಲ್ಲಿ. ಮಗನಿಗೆ ಮೀಟಿಂಗು ಇತ್ತು, ಮೇಷ್ಟ್ರನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅವರು ಇಸ್ತ್ರಿ ಮಾಡಿದ ಕೋಟು ಹಾಕಿ, ಹಣೆಗೆ ಅಕ್ಷತೆ ಇಟ್ಟುಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಕಮಾನಿನ ತಲೆ ಸವರುತ್ತಾ, "ಸೀಳಿದ್ದು ಬೆರಳಿಗೆ ಗೊತ್ತೇ ಆಗಲ್ವಲ್ಲಮ್ಮ, ಏನ್ ಕೈ ನಿಂದು," ಎಂದು ಹೇಳುತ್ತಲೇ ಇದ್ದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಹೆಸರಿಲ್ಲ, ನಂಬರು ಮಾತ್ರ. ಅವರ ನಂಬರು ಕೂಗಿದರು, ಒಳಗೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆಳು, ಎಲ್ಲ ಕೇಳುತ್ತಿತ್ತು. ಮೊದಲು ವೇಗದ ಭಾಗ. ಚೆನ್ನಾಗಿಯೇ ಹೋಯಿತು. ಕಮಾನು ಚೆಂಡಿನ ಹಾಗೆ ಪುಟಿಯುತ್ತಿರುವುದು ಗೋಡೆಯಾಚೆಯಿಂದಲೇ ನನಗೆ ಗೊತ್ತಾಗುತ್ತಿತ್ತು. ಆಮೇಲೆ ನಿಧಾನದ ಭಾಗ.

ಸ್ವರ ಶುರುವಾಯಿತು. ಅರ್ಧದವರೆಗೆ ಚೆನ್ನಾಗಿತ್ತು. ಆಮೇಲೆ ನಡುಗಿತು. ತುಂಡು ತುಂಡಾಗಿ ಬಿತ್ತು, ಅಂಗಡಿಯಲ್ಲಿ ಬಿದ್ದ ಹಾಗೆಯೇ. ನಿಂತರು. ಮೊದಲಿಂದ ಹಿಡಿದರು. ಈ ಸಲ ಅರ್ಧವೂ ಬರಲಿಲ್ಲ. ಬೇಡ, ಬೇಡ, ಮುಂದಕ್ಕೆ ಹೋಗಿ ಮೇಷ್ಟ್ರೇ ಎಂದು ನಾನು ಬಾಗಿಲ ಕಡೆ ಬಾಗಿ ಪಿಸುಗುಟ್ಟುತ್ತಿದ್ದೆ. ಮೂರನೆಯ ಸಲ ಕಮಾನು ತಂತಿಯ ಮೇಲೆ ಕೂತ ಸದ್ದು ಬಂತು. ಆಮೇಲೆ ಏನೂ ಇಲ್ಲ. "ಥ್ಯಾಂಕ್ ಯೂ, ಜಂಟಲ್‌ಮೆನ್," ಎಂದು ಮೇಷ್ಟ್ರ ದನಿ ಕೇಳಿಸಿತು. ಯಾರೂ ಸಾಕು ಎಂದಿರಲಿಲ್ಲ. ಅವರೇ ಎದ್ದು ಬಂದರು.

ನಾನು ಎದ್ದು ನಿಂತು ಬಡಬಡಿಸಿದೆ. "ಹೊಸ ಕೂದ್ಲು ಮೇಷ್ಟ್ರೇ, ಇನ್ನೂ ಪಳಗಿಲ್ಲ. ಪಟ್ಟಿ ಹಾಕಿದ್ದಕ್ಕೆ ತಲೆ ಭಾರ ಆಗಿರ್ಬೇಕು. ನಂದೇ ತಪ್ಪು. ಇನ್ನೊಂದ್ಸಲ ಕೇಳ್ಕೊಳೋಣ ಅವ್ರನ್ನ, ನಾನೇ ಹೋಗಿ ಹೇಳ್ತೀನಿ..."

"ಸುಮ್ನಿರಮ್ಮ," ಎಂದರು ಮೇಷ್ಟ್ರು. ಬೆಂಚಿನ ಮೇಲೆ ಕೂತರು. "ಕಮಾನು ಚೆನ್ನಾಗಿದೆ. ನನ್ ಕೈಗೆ ಬಂದಾಗಿಂದ ಇಷ್ಟು ಚೆನ್ನಾಗಿ ಇದ್ದಿದ್ದೇ ಇಲ್ಲ."

ನಾನು ಪಕ್ಕದಲ್ಲಿ ಕೂತೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದರು. "ಇಷ್ಟು ದಿನ ನೆಲಾನೇ ಬೈಕೊಂಡು ಬಂದೆ. ಕೂದ್ಲು ಸತ್ತಿದೆ, ಹವಾ ಸರಿಯಿಲ್ಲ, ಬೇರೆಯವರ ಕಮಾನು ಒಗ್ಗಲ್ಲ. ನೀನು ನೆಲ ಸಮ ಮಾಡಿ ಕೊಟ್ಬಿಟ್ಟೆ ಕಣಮ್ಮ. ಇನ್ನು ನಾನು ಏನಂತ ಹೇಳ್ಲಿ?"

ಆ ತಲೆ ಮುರಿದುಕೊಂಡೇ ಇದ್ದಿದ್ದರೆ ಅವರು ಸಾಯುವವರೆಗೂ ಕಮಾನು ಮುರಿದುಹೋದ ಪಿಟೀಲುಗಾರರಾಗಿಯೇ ಇರುತ್ತಿದ್ದರು. ಅದನ್ನೂ ನಾನು ಕಿತ್ತುಕೊಂಡೆನಲ್ಲ.

ಒಳಗೆ ಮುಂದಿನ ನಂಬರಿನವರು ಶುರು ಮಾಡಿದರು. ಮೇಷ್ಟ್ರು ಕಮಾನನ್ನು ನನ್ನ ಕಡೆ ಚಾಚಿದರು.

"ತಿರುಪು ಸಡ್ಲ ಮಾಡಮ್ಮ," ಎಂದರು. "ಬಿಗಿಯಾಗಿ ಬಿಟ್ರೆ ಕಡ್ಡಿ ಹಾಳಾಗತ್ತೆ. ನನ್ ಕೈಲಿ ಆಗ್ತಿಲ್ಲ."